ಸುರತ್ಕಲ್, ಬೆಂಗಳೂರು, ಗೋವಾ: ಎಂಜಿನಿಯರಿಂಗ್ ಸೀಟಿನ ಪೂರ್ತಿ ಖರ್ಚು ಎಷ್ಟು?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಅನುದಾನಿತ ಪ್ರೌಢಶಾಲೆಯ ಶಿಕ್ಷಕ. ವಯಸ್ಸು 52. ಮನೆಯ ವರ್ಷದ ಆದಾಯ ಸುಮಾರು 7 ಲಕ್ಷ, ಜೊತೆಗೆ ಮೂರು ಎಕರೆ ಹೊಲ. ಮಗಳ ಮುಂದೆ ಈಗ ನಾಲ್ಕು ದಾರಿ ಇವೆ. ಸುರತ್ಕಲ್ ಎನ್‌ಐಟಿಯಲ್ಲಿ ಮೈನಿಂಗ್, ಸಿಇಟಿಯಲ್ಲಿ ಬೆಂಗಳೂರಿನ ಒಂದು ಖಾಸಗಿ ಕಾಲೇಜಿನ ಇನ್ಫರ್ಮೇಶನ್ ಸೈನ್ಸ್, ಕಾಮೆಡ್-ಕೆಯಲ್ಲಿ ಅದಕ್ಕಿಂತ ಹೆಸರಿರುವ ಕಾಲೇಜಿನ ಕಂಪ್ಯೂಟರ್ ಸೈನ್ಸ್, ಬಿಟ್ಸ್ ಗೋವಾದಲ್ಲಿ ಎಲೆಕ್ಟ್ರಿಕಲ್. ವರ್ಷಕ್ಕೆ ಒಂದೂವರೆ ಲಕ್ಷ ಕೈಯಿಂದ ಹಾಕಬಲ್ಲೆ. ಮಗ ಈ ವರ್ಷ ಎಸ್ಸೆಸ್ಸೆಲ್ಸಿ. ಟಾಪ್ ಕಾಲೇಜು ಅಂದರೆ ಸಾಲ ಮಾಡಿಯಾದರೂ ಕಳಿಸು ಅಂತಾರೆ ಮನೆಯವರೆಲ್ಲ. ಎಲ್ಲ ಸೇರಿ ನಿಜವಾಗಿ ಎಷ್ಟಾಗುತ್ತೆ, ಯಾವುದು ನಮಗೆ ಸರಿ?

ಉತ್ತರ: ಸರ್, ನಾಲ್ಕು ಸೀಟು ಕೈಯಲ್ಲಿರುವುದು ಮಗಳ ಶ್ರಮ. ಮೊದಲು ಅವಳಿಗೆ ಅಭಿನಂದನೆ ಹೇಳಿ. ಈಗ ಲೆಕ್ಕಕ್ಕೆ ಬರೋಣ.

ನಾನು ಬ್ಯಾಂಕಿನಲ್ಲಿ ಶಿಕ್ಷಣ ಸಾಲದ ಮೇಜಿನಲ್ಲಿ ಕೂತವನು. ಅಲ್ಲಿಗೆ ಬರುವ ಅಪ್ಪಂದಿರು ಹೆಚ್ಚಿನವರು ಒಂದೇ ಅಂಕಿ ಹಿಡಿದು ಬರುತ್ತಾರೆ: ವರ್ಷದ ಫೀಸು ಗುಣಿಸು ನಾಲ್ಕು. ಆ ಅಂಕಿಯಲ್ಲಿ ಊಟ ಇರುವುದಿಲ್ಲ, ಬಾಡಿಗೆ ಇರುವುದಿಲ್ಲ, ಬಡ್ಡಿಯಂತೂ ಇರುವುದೇ ಇಲ್ಲ. ಇನ್ನೊಂದು ಮಾತು. ಖರ್ಚು ಎಷ್ಟು ಅನ್ನುವುದನ್ನು ಕಾಲೇಜಿನ ಹೆಸರು ತೀರ್ಮಾನ ಮಾಡುವುದಿಲ್ಲ, ಸೀಟು ಯಾವ ಬಾಗಿಲಿನಿಂದ ಸಿಕ್ಕಿತು ಅನ್ನುವುದು ತೀರ್ಮಾನ ಮಾಡುತ್ತದೆ. ನಮ್ಮ ರಾಜ್ಯದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಬಿಟ್ಟರೆ ಸಾಮಾನ್ಯವಾಗಿ ಶೇ 45 ಸೀಟು ಸರ್ಕಾರದ ಪ್ರವೇಶ ಪರೀಕ್ಷೆಯಾದ ಸಿಇಟಿಗೆ, ಶೇ 30 ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಕಾಮೆಡ್-ಕೆಗೆ, ಉಳಿದ ಶೇ 25 ಮ್ಯಾನೇಜ್‌ಮೆಂಟಿಗೆ. ಒಂದೇ ಬೆಂಚಿನಲ್ಲಿ ಕೂತ ಮೂವರು ಒಂದೇ ಪಾಠ ಕೇಳುತ್ತಾರೆ. ಒಬ್ಬರು ವರ್ಷಕ್ಕೆ 1 ಲಕ್ಷದ ಆಸುಪಾಸು ಕಟ್ಟಿರುತ್ತಾರೆ, ಇನ್ನೊಬ್ಬರು ಎರಡೂವರೆ ಲಕ್ಷಕ್ಕೂ ಜಾಸ್ತಿ, ಮೂರನೆಯವರು ಎಷ್ಟು ಅಂತ ಕೇಳದಿರುವುದೇ ಒಳ್ಳೆಯದು.

ನಿಮ್ಮ ನಾಲ್ಕು ಸೀಟುಗಳನ್ನು ಒಂದೊಂದಾಗಿ ಬಿಡಿಸುತ್ತೇನೆ. ಟ್ಯೂಷನ್ ಫೀಸು ಬಿಟ್ಟು ಉಳಿದವು ನಾನು ಬಜೆಟ್‌ಗೆ ಇಟ್ಟುಕೊಂಡ ಅಂಕಿಗಳು. ನಿಮ್ಮ ಕೈಗೆ ಫೀ ಪಟ್ಟಿ ಬಂದ ಮೇಲೆ ಅದೇ ಜಾಗದಲ್ಲಿ ನಿಜವಾದ ಅಂಕಿ ಹಾಕಿಕೊಳ್ಳಿ.

ಸುರತ್ಕಲ್‌ನಿಂದ ಶುರು ಮಾಡೋಣ. ಎನ್‌ಐಟಿಗಳಲ್ಲಿ ಬಿಟೆಕ್ ಟ್ಯೂಷನ್ ಫೀಸು 2016ರಲ್ಲಿ 70 ಸಾವಿರದಿಂದ 1.25 ಲಕ್ಷಕ್ಕೆ ಏರಿತು. ಆಮೇಲೆ ಅಲ್ಲೇ ನಿಂತಿದೆ. ನಾಲ್ಕು ವರ್ಷಕ್ಕೆ 5 ಲಕ್ಷ. ಸಂಸ್ಥೆಯ ಇತರೆ ಶುಲ್ಕ ವರ್ಷಕ್ಕೆ 25 ಸಾವಿರ ಅಂದರೆ 1 ಲಕ್ಷ. ಹಾಸ್ಟೆಲ್ ಮತ್ತು ಮೆಸ್ ವರ್ಷಕ್ಕೆ 80 ಸಾವಿರದ ಹಾಗೆ 3.2 ಲಕ್ಷ. ಓಡಾಟ, ಕೈಖರ್ಚು, ಬಟ್ಟೆಬರೆ, ಮೊಬೈಲ್ ರೀಚಾರ್ಜ್ ಎಲ್ಲ ಸೇರಿ ವರ್ಷಕ್ಕೆ 40 ಸಾವಿರ, ಒಟ್ಟು 1.6 ಲಕ್ಷ. ಒಂದು ಲ್ಯಾಪ್‌ಟಾಪ್ 60 ಸಾವಿರ. ಎಲ್ಲ ಕೂಡಿಸಿದರೆ 11.4 ಲಕ್ಷ.

ಇಲ್ಲಿ ಒಂದು ಗೆರೆ ಇದೆ. ಮನೆಯ ಆದಾಯ 1 ಲಕ್ಷದ ಒಳಗಿದ್ದರೆ ಎನ್‌ಐಟಿ ಮತ್ತು ಐಐಟಿಗಳಲ್ಲಿ ಟ್ಯೂಷನ್ ಫೀಸು ಪೂರ್ತಿ ಮಾಫಿ. ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಆದಾಯ ಎಷ್ಟೇ ಇದ್ದರೂ ಪೂರ್ತಿ ಮಾಫಿ. ಆದಾಯ 1ರಿಂದ 5 ಲಕ್ಷದ ನಡುವೆ ಇದ್ದರೆ ಮೂರರಲ್ಲಿ ಎರಡು ಪಾಲು ಮಾಫಿ, ಅಂದರೆ ವರ್ಷಕ್ಕೆ 42 ಸಾವಿರ ಕಟ್ಟಿದರೆ ಮುಗಿಯಿತು. ನಿಮ್ಮ ಆದಾಯ 7 ಲಕ್ಷ, ಹಾಗಾಗಿ ನಿಮಗೆ ಇದು ಸಿಗುವುದಿಲ್ಲ. ಆದರೆ ಇದನ್ನು ಓದುತ್ತಿರುವ ಬೇರೆ ಯಾರದಾದರೂ ಆದಾಯ ಐದರ ಒಳಗಿದ್ದರೆ ನಾಲ್ಕು ವರ್ಷಕ್ಕೆ 3.33 ಲಕ್ಷ ಉಳಿಯುತ್ತದೆ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತರಲು ತಡ ಮಾಡಿ ಈ ಹಣ ಕಳೆದುಕೊಂಡ ಮನೆಗಳನ್ನು ನೋಡಿದ್ದೇನೆ.

ಈಗ ಸಿಇಟಿ ಸೀಟು. ಫೀಸು 1.1 ಲಕ್ಷ ಅಂತ ಇಟ್ಟುಕೊಳ್ಳಿ. ಇದು ಸಿಇಟಿ ನಡೆಸುವ ಪ್ರಾಧಿಕಾರಕ್ಕೆ, ಅಂದರೆ ಕೆಇಎಗೆ ಕಟ್ಟುವ ಹಣ. ಕಾಲೇಜಿಗೆ ರಿಪೋರ್ಟ್ ಆಗಲು ಹೋದ ದಿನ ಕೌಂಟರಿನಲ್ಲಿ ಇನ್ನೊಂದು ರಸೀದಿ ಹರಿಯುತ್ತಾರೆ. ಅದನ್ನು ಒಂದು ನಿಮಿಷ ನಿಂತು ಓದಿ. ಸ್ಕಿಲ್ ಲ್ಯಾಬ್, ಪ್ಲೇಸ್‌ಮೆಂಟ್ ಟ್ರೈನಿಂಗ್, ಲೈಬ್ರರಿ, ಅಸೋಸಿಯೇಶನ್ ಫೀ, ಕೊನೆಗೆ ‘ಇತರೆ’. ಒಂದೊಂದು ಸಾಲೂ ಸಣ್ಣದು. ಕೂಡಿಸಿದಾಗ ವರ್ಷಕ್ಕೆ 30 ಸಾವಿರ ಆಗಬಹುದು. ನಾನು ಅಷ್ಟನ್ನೇ ಹಾಕಿದ್ದೇನೆ. ಅಲ್ಲಿಗೆ ನಾಲ್ಕು ವರ್ಷಕ್ಕೆ 5.6 ಲಕ್ಷ. ಸುರತ್ಕಲ್‌ನ 6 ಲಕ್ಷಕ್ಕಿಂತ ಕಡಿಮೆ, ಅಲ್ವಾ?

ಆದರೆ ಬೆಂಗಳೂರಿದೆಯಲ್ಲ. ಇಬ್ಬರು ಮೂವರು ಹಂಚಿಕೊಳ್ಳುವ ಪಿಜಿ ರೂಮು ಊಟ ಸೇರಿ ತಿಂಗಳಿಗೆ 10 ಸಾವಿರ. ರಜೆಯಲ್ಲಿ ಊರಿಗೆ ಬಂದರೂ ಮಂಚ ಉಳಿಸಿಕೊಳ್ಳಬೇಕಾದರೆ ಬಾಡಿಗೆ ಕೊಡಲೇಬೇಕು. ಹಾಗಾಗಿ ಹನ್ನೆರಡು ತಿಂಗಳೂ ಲೆಕ್ಕಕ್ಕೆ ಬರುತ್ತದೆ. ನಾಲ್ಕು ವರ್ಷಕ್ಕೆ 4.8 ಲಕ್ಷ. ಮೇಲೆ ಅಡ್ವಾನ್ಸ್ ಬೇರೆ, ಅದು ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಸ್ವಲ್ಪ ಸವೆದೇ ವಾಪಸ್ ಬರುತ್ತದೆ. ಬಸ್ಸು, ಮೆಟ್ರೋ, ಕೈಖರ್ಚು ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ. ಲ್ಯಾಪ್‌ಟಾಪ್ 60 ಸಾವಿರ. ಒಟ್ಟು 13 ಲಕ್ಷ. ಫೀಸಿನಲ್ಲಿ 40 ಸಾವಿರ ಅಗ್ಗ ಇದ್ದ ಸೀಟು ಪೂರ್ತಿ ಖರ್ಚಿನಲ್ಲಿ 1.6 ಲಕ್ಷ ದುಬಾರಿ ಆಯಿತು.

ಕಾಮೆಡ್-ಕೆ ಸೀಟಿಗೆ ಊಟ, ಬಾಡಿಗೆ, ಓಡಾಟ ಎಲ್ಲ ಇದೇ. ಫೀಸು ಮಾತ್ರ 2.7 ಲಕ್ಷ, ಮೇಲೆ ಅದೇ 30 ಸಾವಿರ. ನಾಲ್ಕು ವರ್ಷಕ್ಕೆ ಫೀಸೇ 12 ಲಕ್ಷ, ಒಟ್ಟು 19.4 ಲಕ್ಷ.

ಬಿಟ್ಸ್ ಕಡೆ ಬಂದರೆ ಫೀಸು ಸೆಮಿಸ್ಟರ್ ಲೆಕ್ಕದಲ್ಲಿರುತ್ತದೆ, ಅದೇ ಎರಡೂವರೆ ಲಕ್ಷ ದಾಟಿದೆ. ವರ್ಷ ವರ್ಷ ಏರುತ್ತಾ ಬಂದಿದೆ. ಪ್ರಾಕ್ಟೀಸ್ ಸ್ಕೂಲ್, ಅಂದರೆ ಕಂಪನಿಗಳಲ್ಲಿನ ತರಬೇತಿಗೆ ಅಂತ ಬೇಸಿಗೆ ಟರ್ಮ್‌ನ ಫೀಸೂ ಉಂಟು. ನಾಲ್ಕು ವರ್ಷಕ್ಕೆ 24 ಲಕ್ಷ ಹಿಡಿದಿದ್ದೇನೆ. ಹಾಸ್ಟೆಲ್, ಮೆಸ್ಸಿಗೆ 4 ಲಕ್ಷ, ಕೈಖರ್ಚು 2 ಲಕ್ಷ, ಲ್ಯಾಪ್‌ಟಾಪ್. ಒಟ್ಟು 30.6 ಲಕ್ಷ.

ಇಲ್ಲಿಗೆ ಅರ್ಧ ಲೆಕ್ಕ ಆಯಿತು. ಉಳಿದರ್ಧ ಸಾಲದ್ದು. ನನ್ನ ಅನುಭವದಲ್ಲಿ ಮನೆಗಳು ಎಡವುವುದು ಇಲ್ಲೇ.

ನೀವು ವರ್ಷಕ್ಕೆ ಒಂದೂವರೆ ಲಕ್ಷ ಹಾಕಿದರೆ ನಾಲ್ಕು ವರ್ಷಕ್ಕೆ 6 ಲಕ್ಷ. ಉಳಿದದ್ದು ಸಾಲ. ಸುರತ್ಕಲ್‌ಗೆ 5.4 ಲಕ್ಷ, ಸಿಇಟಿ ಸೀಟಿಗೆ 7 ಲಕ್ಷ, ಕಾಮೆಡ್-ಕೆಗೆ 13.4 ಲಕ್ಷ, ಬಿಟ್ಸ್‌ಗೆ 24.6 ಲಕ್ಷ. ಬಡ್ಡಿ ಶೇ 10 ಅಂತ ಹಿಡಿಯೋಣ. ಓದುವಾಗ ಮತ್ತು ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಕಟ್ಟಬೇಕಿಲ್ಲ ಅಂದರೆ ಬಡ್ಡಿ ಇಲ್ಲ ಅಂತಲ್ಲ. ಅದು ದಿನವೂ ಬೆಳೆಯುತ್ತಿರುತ್ತದೆ, ಸರಳ ಬಡ್ಡಿಯ ಲೆಕ್ಕದಲ್ಲಿ. ವರ್ಷಕ್ಕೊಂದು ಪಾಲು ಸಾಲ ಎತ್ತಿದರೂ ಕಂತು ಶುರುವಾಗುವ ಹೊತ್ತಿಗೆ ಅಸಲಿನ ಮೇಲೆ ಶೇ 35ರಷ್ಟು ಕೂಡಿರುತ್ತದೆ. ಅಲ್ಲಿಂದ ಹತ್ತು ವರ್ಷದ ಕಂತು ಹಾಕಿದರೆ ಸುರತ್ಕಲ್ ಸಾಲಕ್ಕೆ ತಿಂಗಳಿಗೆ ಸುಮಾರು 9,600 ರೂಪಾಯಿ, ಸಿಇಟಿಗೆ 12,500, ಕಾಮೆಡ್-ಕೆಗೆ 23,900, ಬಿಟ್ಸ್‌ಗೆ 43,900. ಬಿಟ್ಸ್‌ಗೆ ತಂದ 24.6 ಲಕ್ಷದ ಸಾಲ ತೀರುವಷ್ಟರಲ್ಲಿ ನೀವು ಕಟ್ಟಿದ್ದು 52 ಲಕ್ಷ ದಾಟಿರುತ್ತದೆ.

ಈಗ ನಿಮ್ಮ ವಯಸ್ಸನ್ನು ಇದರ ಪಕ್ಕ ಇಡಿ. ಸಾಲ ಮಗಳ ಹೆಸರಿನಲ್ಲಿ, ಸಹ-ಸಾಲಗಾರರು ನೀವು. ಕಂತು ಶುರುವಾಗುವಾಗ ನಿಮಗೆ 57, ನಿವೃತ್ತಿ 60ಕ್ಕೆ, ಸಾಲ ಮುಗಿಯುವಾಗ 67. ಅವಳಿಗೆ ಕೆಲಸ ಒಂದು ವರ್ಷ ತಡವಾದರೆ, ಅಥವಾ ಎಂಟೆಕ್ ಓದುತ್ತೇನೆ ಅಂದರೆ, ಬ್ಯಾಂಕಿನ ಫೋನು ನಿಮಗೇ ಬರುತ್ತದೆ. ಕಂತು ತಪ್ಪಿದರೆ ಇಬ್ಬರ ಸಿಬಿಲ್ ಸ್ಕೋರೂ ಕೆಡುತ್ತದೆ.

ಮಗನನ್ನೂ ಮರೆಯಬೇಡಿ. ಮಗಳು ಎರಡನೇ ಮತ್ತು ಮೂರನೇ ವರ್ಷದಲ್ಲಿದ್ದಾಗ ಅವನ ಪಿಯುಸಿ, ಅದರ ಕೋಚಿಂಗು. ಅವಳ ಕೊನೇ ವರ್ಷಕ್ಕೆ ಅವನ ಕಾಲೇಜಿನ ಮೊದಲ ಫೀಸು. ನೀವು ಹೇಳುವ ಒಂದೂವರೆ ಲಕ್ಷ ನಾಲ್ಕೂ ವರ್ಷ ಪೂರ್ತಿ ಅವಳ ಪಾಲಿಗೆ ಉಳಿಯುತ್ತದಾ? ನನಗೆ ಅನುಮಾನ. ಸಾಲ ಇನ್ನೂ ಒಂದೂವರೆ ಲಕ್ಷ ಜಾಸ್ತಿ ಆಗಬಹುದು ಅಂದುಕೊಂಡೇ ಮುಂದೆ ಹೋಗಿ.

‘ಟಾಪ್’ ಅನ್ನುವ ಮಾತಿಗೆ ಬರುತ್ತೇನೆ. ಎಲ್ಲರೂ ಉದಾಹರಿಸುವ ಎನ್‌ಐಆರ್‌ಎಫ್, ಅಂದರೆ ಕೇಂದ್ರ ಸರ್ಕಾರದ ಕಾಲೇಜು ರ‍್ಯಾಂಕಿಂಗ್ 2016ರಿಂದ ಬರುತ್ತಿದೆ. ಎಂಜಿನಿಯರಿಂಗ್ ಪಟ್ಟಿಯಲ್ಲಿ 100 ಅಂಕಕ್ಕೆ 30 ಬೋಧನೆ ಮತ್ತು ಸೌಲಭ್ಯಕ್ಕೆ, ಇನ್ನೊಂದು 30 ಸಂಶೋಧನೆಗೆ. ಓದಿ ಮುಗಿಸಿದವರ ಫಲಿತಾಂಶಕ್ಕೆ 20, ಎಲ್ಲ ವರ್ಗದವರನ್ನೂ ಒಳಗೊಳ್ಳುವುದಕ್ಕೆ 10, ಜನಾಭಿಪ್ರಾಯಕ್ಕೆ 10. ಕಾಲೇಜಿನ ಫೀಸು ಕಡಿಮೆಯಾ ಜಾಸ್ತಿಯಾ ಅನ್ನುವುದಕ್ಕೆ ನೇರವಾಗಿ ಅಂಕ ಇಲ್ಲ. ಪ್ರಾಧ್ಯಾಪಕರು ಎಷ್ಟು ಪೇಪರ್ ಬರೆದರು ಅನ್ನುವುದು ನಿಮ್ಮ ಮಗಳ ಬಿಇಗೆ ಎಷ್ಟು ಮುಖ್ಯ, ನೀವೇ ಯೋಚಿಸಿ. ರ‍್ಯಾಂಕ್ ಮೇಲಿದ್ದರೆ ಫೀಸೂ ಮೇಲಿರಬೇಕು ಅಂತೇನಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಮೊದಲನೆಯದು. ಅಲ್ಲಿನ ಬಿಎಸ್ಸಿ ರಿಸರ್ಚ್ ಕೋರ್ಸಿನ ಟ್ಯೂಷನ್ ಫೀಸು ವರ್ಷಕ್ಕೆ 10 ಸಾವಿರ.

ಆದರೂ ಎನ್‌ಐಆರ್‌ಎಫ್ ಜಾಲತಾಣ ನಿಮ್ಮ ಉಪಯೋಗಕ್ಕೆ ಬರುತ್ತದೆ, ರ‍್ಯಾಂಕಿಗಾಗಿ ಅಲ್ಲ. ಪ್ರತಿ ಕಾಲೇಜಿನ ಹೆಸರಿನ ಪಕ್ಕ ಆ ಕಾಲೇಜೇ ಸಲ್ಲಿಸಿದ ಮಾಹಿತಿಯ ಪಿಡಿಎಫ್ ಇರುತ್ತದೆ. ಅದನ್ನು ತೆರೆದು ನಾಲ್ಕು ವರ್ಷದ ಯುಜಿ ಕೋರ್ಸಿನ ಕೋಷ್ಟಕ ಹುಡುಕಿ. ಎಷ್ಟು ಜನ ಸೇರಿದರು, ಎಷ್ಟು ಜನ ಸರಿಯಾದ ಸಮಯಕ್ಕೆ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಅವರ ಮೀಡಿಯನ್ ಸಂಬಳ ಎಷ್ಟು, ಎಷ್ಟು ಜನ ಮುಂದೆ ಓದಲು ಹೋದರು ಅಂತ ವರ್ಷವಾರು ಇರುತ್ತದೆ. ಮೀಡಿಯನ್ ಅಂದರೆ ಸಾಲಿನಲ್ಲಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಸಂಬಳ. ಕಾಲೇಜಿನ ಗೇಟಿಗೆ ಕಟ್ಟಿದ ಫ್ಲೆಕ್ಸ್‌ನಲ್ಲಿ ಇರುವುದು ಎಲ್ಲರಿಗಿಂತ ಜಾಸ್ತಿ ತಗೊಂಡ ಒಬ್ಬರದು. ಅದೇ ಪಿಡಿಎಫ್‌ನಲ್ಲಿ ಸರ್ಕಾರದಿಂದ, ಸಂಸ್ಥೆಯಿಂದ, ಖಾಸಗಿಯವರಿಂದ ಪೂರ್ತಿ ಫೀಸು ವಾಪಸ್ ಪಡೆದವರ ಸಂಖ್ಯೆಯೂ ಇರುತ್ತದೆ. ಕಾಲೇಜು ತನ್ನ ಜೇಬಿನಿಂದ ಎಷ್ಟು ಮಕ್ಕಳಿಗೆ ಕೊಡುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಒಂದು ಎಚ್ಚರ: ಆ ಮೀಡಿಯನ್ ಎಲ್ಲ ಬ್ರಾಂಚ್ ಸೇರಿಸಿದ್ದು. ಮೈನಿಂಗ್‌ದೇ ಬೇರೆ, ಕಂಪ್ಯೂಟರ್‌ದೇ ಬೇರೆ ಅಂತ ಅಲ್ಲಿ ಸಿಗುವುದಿಲ್ಲ. ಅದನ್ನು ಪ್ಲೇಸ್‌ಮೆಂಟ್ ಆಫೀಸಿಗೆ ಕೇಳಬೇಕು.

ಆ ಸಂಬಳವನ್ನು ಕಂತಿನ ಪಕ್ಕ ಇಟ್ಟು ನೋಡಿ. ವರ್ಷಕ್ಕೆ 8 ಲಕ್ಷದ ಪ್ಯಾಕೇಜ್ ಅಂದರೆ ಪಿಎಫ್, ಗ್ರಾಚ್ಯುಟಿ, ಬೋನಸ್ ಕಳೆದು ಕೈಗೆ ತಿಂಗಳಿಗೆ 55 ಸಾವಿರದ ಆಸುಪಾಸು. ಅದರಲ್ಲಿ 43,900 ಕಂತು ಕಟ್ಟಿದರೆ ಬೆಂಗಳೂರಿನಲ್ಲಿ ಉಳಿದ 11 ಸಾವಿರಕ್ಕೆ ಪಿಜಿ ಸಿಕ್ಕೀತು, ಬೇರೇನೂ ಉಳಿಯದು. ಬಿಟ್ಸ್ ಒಳ್ಳೆಯ ಕಾಲೇಜೇ. ಅಲ್ಲಿಂದ 8 ಲಕ್ಷಕ್ಕಿಂತ ಜಾಸ್ತಿ ಸಂಬಳಕ್ಕೆ ಹೋಗುವವರು ಬೇಕಾದಷ್ಟು ಇದ್ದಾರೆ. ಆದರೆ ಜಾಸ್ತಿ ಸಂಬಳ ಬಂದೇ ಬರುತ್ತದೆ ಅಂತ ನಂಬಿ ನಿವೃತ್ತಿಯ ಹೊಸ್ತಿಲಲ್ಲಿರುವ ಅಪ್ಪ ಸಹಿ ಹಾಕುವುದು ಬೇರೆ ಮಾತು. ಅಲ್ಲಿ ಆದಾಯ ಮತ್ತು ಅಂಕ ಎರಡನ್ನೂ ನೋಡಿ ಫೀಸು ಕಡಿಮೆ ಮಾಡುವ ಮೆರಿಟ್-ಕಮ್-ನೀಡ್ ನೆರವು ಇದೆ. ಅರ್ಜಿ ಹಾಕಿ. ದೊಡ್ಡ ಪಾಲು ಮಾಫಿಯಾದರೆ ಮಾತ್ರ ಮತ್ತೆ ಯೋಚಿಸಿ. ಇಲ್ಲದಿದ್ದರೆ ನನ್ನ ಸಲಹೆ, ಅದನ್ನು ಪಟ್ಟಿಯಿಂದ ತೆಗೆಯಿರಿ.

ಕಾಮೆಡ್-ಕೆ ಸೀಟನ್ನೂ ತೆಗೆಯಿರಿ ಅಂತಲೇ ಹೇಳುತ್ತೇನೆ. ಬೆಂಗಳೂರಿನಲ್ಲೇ ಎರಡು ಕಾಲೇಜುಗಳ ನಡುವೆ 6.4 ಲಕ್ಷದ ವ್ಯತ್ಯಾಸ, ಬಡ್ಡಿ ಸೇರಿದರೆ ಸುಮಾರು ಅದರ ಎರಡರಷ್ಟು. ಅಷ್ಟು ಕೊಟ್ಟು ಕೊಂಡದ್ದೇನು? ಸ್ವಲ್ಪ ಹೆಚ್ಚು ಕಂಪನಿಗಳು ಬರುವ ಕ್ಯಾಂಪಸ್ಸು. ಅದಕ್ಕೆ ಬೆಲೆ ಇಲ್ಲ ಅಂತಲ್ಲ, ನಿಮ್ಮ ಮನೆಯ ಲೆಕ್ಕಕ್ಕೆ ಇಷ್ಟು ಬೆಲೆ ಜಾಸ್ತಿಯಾಯಿತು.

ಸುಮ್ನೆ ಒಂದು ಮಾತು ಕೇಳುತ್ತೇನೆ. ಸಿಇಟಿ ಆಯ್ಕೆ ಪಟ್ಟಿಯಲ್ಲಿ ಯುವಿಸಿಇ ಹಾಕಿದ್ದಳಾ? 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಶುರು ಮಾಡಿದ ಕಾಲೇಜು. ಈಗ ಸ್ವಾಯತ್ತ ವಿಶ್ವವಿದ್ಯಾಲಯ. ಸರ್ಕಾರಿ ಫೀಸು, ಖಾಸಗಿ ಕಾಲೇಜಿನ ಸಿಇಟಿ ಫೀಸಿನ ಅರ್ಧದ ಆಸುಪಾಸು. ಇನ್ನೂ ಸುತ್ತು ಉಳಿದಿದ್ದರೆ ಸೇರಿಸಿ. ಹಾಗೆಯೇ ಎಸ್‌ಎನ್‌ಕ್ಯು ಸೀಟು. ಪ್ರತಿ ಬ್ರಾಂಚಿನಲ್ಲೂ ಶೇ 5ರಷ್ಟು ಹೆಚ್ಚುವರಿ ಸೀಟು, ಆದಾಯ 8 ಲಕ್ಷದ ಒಳಗಿರುವವರಿಗೆ, ಟ್ಯೂಷನ್ ಫೀಸು ಮಾಫಿ. ವಿವಿ ಶುಲ್ಕ, ಕಾಲೇಜಿನ ಇತರೆ ಶುಲ್ಕ ಮಾತ್ರ ಕಟ್ಟಬೇಕು. ನಿಮ್ಮ 7 ಲಕ್ಷ ಇದಕ್ಕೆ ಹೊಂದುತ್ತದೆ. ಮಗಳು ಒಂದರಿಂದ ಹತ್ತನೇ ಕ್ಲಾಸು ಹಳ್ಳಿಯಲ್ಲೇ ಓದಿದ್ದರೆ ಶೇ 15 ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮವಾದರೆ ಶೇ 5. ಇವುಗಳಿಂದ ಫೀಸು ಇಳಿಯುವುದಿಲ್ಲ, ಆದರೆ ಅಗ್ಗದ ಬಾಗಿಲಿನಿಂದಲೇ ಇನ್ನೂ ಒಳ್ಳೆಯ ಕಾಲೇಜಿಗೆ ಹೋಗಬಹುದು. ಕಾಮೆಡ್-ಕೆಗೆ ಕೊಡುವ ಹಣ ಉಳಿಸುವುದು ಇಂಥ ಕಾಗದಗಳೇ.

ಇನ್ನು ಉಳಿದದ್ದು ಸುರತ್ಕಲ್ ಮೈನಿಂಗ್, ಇಲ್ಲವೇ ಬೆಂಗಳೂರಿನ ಇನ್ಫರ್ಮೇಶನ್ ಸೈನ್ಸ್. 11.4 ಮತ್ತು 13 ಲಕ್ಷ. ಈ ಅಂತರವನ್ನು ಅಳಿಸುವ ದಾರಿಯೂ ಇದೆ. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇಯ ಮಾನ್ಯತೆ ಇರುವ ಕಾಲೇಜಿನಲ್ಲಿ ಮೊದಲ ವರ್ಷ ಸೇರುವ ಹೆಣ್ಣುಮಕ್ಕಳಿಗೆ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50 ಸಾವಿರ. ಮನೆಯ ಆದಾಯ 8 ಲಕ್ಷದ ಒಳಗಿರಬೇಕು. ಆಯ್ಕೆಯಾದರೆ ನಾಲ್ಕು ವರ್ಷಕ್ಕೆ 2 ಲಕ್ಷ, ಆಗ ಬೆಂಗಳೂರೇ 11 ಲಕ್ಷಕ್ಕೆ ಇಳಿಯುತ್ತದೆ. ಅತ್ತ ಸುರತ್ಕಲ್‌ಗೆ 2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಬಲ ಇದೆ. ಕೇಂದ್ರ ಸಂಸ್ಥೆಗಳೆಲ್ಲ, ಎನ್‌ಐಆರ್‌ಎಫ್‌ನ ಮೊದಲ ನೂರರಲ್ಲಿರುವ ಕಾಲೇಜುಗಳು ಅದರ ಪಟ್ಟಿಯಲ್ಲಿವೆ. ರ‍್ಯಾಂಕು ನಿಜವಾಗಿ ಜೇಬಿಗೆ ತಾಗುವ ಒಂದು ಜಾಗ ಇದು. ಪಟ್ಟಿಯ ಕಾಲೇಜಿನಲ್ಲಿ ಮೆರಿಟ್ ಮೇಲೆ ಸೀಟು ಸಿಕ್ಕಿದ್ದರೆ ಅಡಮಾನ ಬೇಡ, ಶ್ಯೂರಿಟಿ ಬೇಡ. ಆದಾಯ 8 ಲಕ್ಷದ ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿ ಮತ್ತು ಆಮೇಲಿನ ಒಂದು ವರ್ಷ ಬಡ್ಡಿಯಲ್ಲಿ ಶೇ 3 ಸರ್ಕಾರ ಭರಿಸುತ್ತದೆ. ವರ್ಷಕ್ಕೆ 1 ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ, ಸರ್ಕಾರಿ ಸಂಸ್ಥೆ ಮತ್ತು ತಾಂತ್ರಿಕ ಕೋರ್ಸಿನವರಿಗೆ ಆದ್ಯತೆ. ನಿಮ್ಮ 5.4 ಲಕ್ಷಕ್ಕೆ ಇದರಿಂದ 57 ಸಾವಿರದಷ್ಟು ಉಳಿಯಬಹುದು. ಬೇರೆ ಸರ್ಕಾರಿ ವಿದ್ಯಾರ್ಥಿವೇತನ ತಗೊಂಡರೆ ಈ ಬಡ್ಡಿ ರಿಯಾಯಿತಿ ಸಿಗುವುದಿಲ್ಲ, ಎರಡರಲ್ಲಿ ಒಂದು.

ಅಂದರೆ ಹಣದ ದೃಷ್ಟಿಯಲ್ಲಿ ಈ ಎರಡೂ ಸರಿಸುಮಾರು ಒಂದೇ. ಇಲ್ಲಿ ನಿಮ್ಮ ಕೆಲಸ ಮುಗಿಯಿತು, ಮಗಳದು ಶುರು. ಅವಳಿಗೆ ಕೋಡಿಂಗ್ ಇಷ್ಟವಿದ್ದರೆ ಎನ್‌ಐಟಿ ಹೆಸರಿಗಾಗಿ ಮೈನಿಂಗ್‌ಗೆ ತಳ್ಳಬೇಡಿ. ಎರಡನೇ ವರ್ಷಕ್ಕೆ ಬ್ರಾಂಚ್ ಬದಲಿಸಬಹುದು ಅನ್ನುವ ಭರವಸೆಯ ಮೇಲೂ ಹೋಗಬೇಡಿ, ಅದು ತರಗತಿಯ ತುದಿಯ ಕೆಲವರಿಗೆ ಮಾತ್ರ. ಹಾಗಂತ ಮೈನಿಂಗ್ ಹೆಣ್ಣುಮಕ್ಕಳಿಗಲ್ಲ ಅಂತ ಹೇಳುವವರ ಮಾತೂ ಬೇಡ. 2019ರಲ್ಲೇ ಭೂಗತ ಗಣಿಗಳಲ್ಲೂ ಹಗಲಿನ ವೇಳೆ ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಕ್ಕೆ ಅವರಿಗೆ ಅವಕಾಶ ಸಿಕ್ಕಿತು. ಹೊರಾಂಗಣದ ಕೆಲಸ, ಊರಿಂದ ದೂರದ ಪೋಸ್ಟಿಂಗ್ ಅವಳಿಗೆ ಒಗ್ಗುತ್ತದಾ ಅಂತ ಅವಳನ್ನೇ ಕೇಳಿ.

ಬ್ಯಾಂಕಿಗೆ ಹೋಗುವ ಮೊದಲು ಎರಡು ಮೂರು ವಿಷಯ. ಕಾಲೇಜಿನಿಂದ ನಾಲ್ಕೂ ವರ್ಷದ ಫೀಸಿನ ವಿವರವನ್ನು ಲೆಟರ್‌ಹೆಡ್ ಮೇಲೆ ಪಡೆಯಿರಿ. ಅದರಲ್ಲಿ ಇಲ್ಲದ ಖರ್ಚಿಗೆ ಸಾಲ ಸಿಗುವುದು ಕಷ್ಟ. ಹಾಸ್ಟೆಲ್ ರಸೀದಿಗೆ ಸಿಗುವ ಸಾಲ ಪಿಜಿಯ ಚೀಟಿಗೆ ಸಿಗುವುದಿಲ್ಲ ಅಂತಲೇ ಅಂದುಕೊಳ್ಳಿ, ಆ ದುಡ್ಡು ತಿಂಗಳು ತಿಂಗಳು ನಿಮ್ಮ ಸಂಬಳದಿಂದಲೇ ಹೋಗಬೇಕು. ಮೂರು ಎಕರೆ ಹೊಲವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸಾಲ ತೀರದಿದ್ದರೆ ಅಡಮಾನದ ಆಸ್ತಿಯನ್ನು ಬ್ಯಾಂಕೇ ವಶಪಡಿಸಿಕೊಳ್ಳಲು ಬಿಡುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ, ಹಾಗಾಗಿ ಅಡಮಾನ ಬೇಕಾದ ಸಾಲಕ್ಕೆ ಪಹಣಿ ತೋರಿಸಿದರೆ ಬ್ಯಾಂಕಿನವರು ಮನೆಯ ಕಾಗದ ಇದೆಯಾ ಅಂತ ಕೇಳುತ್ತಾರೆ. ಓದುವ ಅವಧಿಯಲ್ಲೇ ಬಡ್ಡಿ ಕಟ್ಟುತ್ತಾ ಹೋದರೆ ದರದಲ್ಲಿ ಶೇ 1 ರಿಯಾಯಿತಿ ಕೊಡುವ ಪದ್ಧತಿ ಇದೆ, ಅದನ್ನು ಕೇಳಿ ಬರೆಸಿಕೊಳ್ಳಿ. ಮೊದಲ ವರ್ಷ ಬಡ್ಡಿ ತಿಂಗಳಿಗೆ ಒಂದು ಸಾವಿರ ಚಿಲ್ಲರೆ, ನಿಮಗೆ ಭಾರ ಆಗಲಿಕ್ಕಿಲ್ಲ. ಸಾಲದ ಜೊತೆ ವಿಮೆ ಪಾಲಿಸಿ ಸೇರಿಸಿ ಅದರ ಕಂತನ್ನೂ ಸಾಲಕ್ಕೇ ಕೂಡಿಸುವುದುಂಟು. ಅದು ಎಷ್ಟು, ಯಾವ ಅವಧಿಗೆ ಅಂತ ಕೇಳಿ ತಿಳಿದುಕೊಂಡು ಆಮೇಲೆ ಸಹಿ ಹಾಕಿ.